ಅರ್ಧಾಳು ಚಾಮುಂಡಿ

"ಏಯ್! ಏನಂಗೆ ನೋಡ್ತಾ ನಿಂತಿದ್ದೀಯ? ಈರುಳ್ಳಿ ಬೇಕಾದ್ರೆ ತಕ್ಕೋ, ಇಲ್ದಿದ್ರೆ ದಾರಿ ಬುಡು!"

ಗುಂಡ್ಲುಪೇಟೆಯ ಸಂತೆ ಮುಗಿಯುವ ಹೊತ್ತು. ಈರುಳ್ಳಿ ರಾಶಿಯ ಹಿಂದೆ ಕೂತಿದ್ದ ಹುಡುಗಿ ಹೀಗೆ ಗದರಿದ ಕೂಡಲೇ ರಂಗನಾಯಕನ ಎದೆ ಝಲ್ಲೆಂದಿತು.

ಗದರಿದ್ದಕ್ಕಲ್ಲ! ಗದರುವುದಕ್ಕೆ ಒಂದು ಗಳಿಗೆ ಮುಂಚೆ ಅವಳು ಮಾಡಿದ್ದಳಲ್ಲ, ಆ ಕೆಲಸಕ್ಕೆ!

ಅವನ ಕಡೆ ನೆಟ್ಟಗೆ ನೋಡಿ... ಕಣ್ಣು ಹೊಡೆದಿದ್ದಳು!

'ನಂಗೇನಾ? ಇಲ್ಲಾ ಹಿಂದೆ ಯಾರಾದ್ರೂ ನಿಂತವ್ರಾ?' ಅವನು ತಿರುಗಿ ನೋಡಿದ. ಲಾರಿಗೆ ಮೂಟೆ ಹೇರುತ್ತಿದ್ದ ಮುದುಕರು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

ಹರದನಹಳ್ಳಿಯ ರಂಗನಾಯಕ ರೇಷ್ಮೆ ಹುಳ ಸಾಕುವ ಮನೆಯವನು. ಹುಳಕ್ಕೆ ಬಿದಿರಿನ ತಟ್ಟೆ ಕೊಳ್ಳಲು ಚಾಮರಾಜನಗರ ದಾಟಿ ಇಷ್ಟು ದೂರ ಬಂದಿದ್ದ. ಈರುಳ್ಳಿಯ ಗೊಡವೆಯೇ ಅವನಿಗೆ ಬೇಕಿರಲಿಲ್ಲ. ಆದರೂ ಬಾಯಿ ತಾನಾಗಿ ಕೇಳಿತು.

"ಎಂಗೆ ಕೊಡ್ತೀಯೆ?"

"ಎಲ್ರಿಗೂ ಕೊಟ್ಟಂಗೆ. ಚೌಕಾಸಿ ಮಾಡಂಗಿಲ್ಲ."

ಅವಳು ತಕ್ಕಡಿ ಎತ್ತಿದಳು. ಎತ್ತಿದ ಕೈ ಸಣ್ಣಗೆ ನಡುಗಿತು. ಮತ್ತೆ ಅದೇ ಎಡಗಣ್ಣು... ನಿಧಾನಕ್ಕೆ ಮುಚ್ಚಿಕೊಂಡಿತು.

ಅಯ್ಯಯ್ಯಪ್ಪಾ! ಎರಡನೇ ಸಲ!

"ಯಾರವ್ವ ಚಾಮುಂಡಿ ಅದು? ವ್ಯಾಪಾರ ಆಯ್ತಾ?" ಎನ್ನುತ್ತ ಅವಳ ಅಪ್ಪ ಬೋರಯ್ಯ ಬಂದ. ಬೇಗೂರಿನ ರೈತ, ಗಂಭೀರ ಮನುಷ್ಯ. ರಂಗನಾಯಕ ತಡವರಿಸಿ, ಒಂದು ಚೀಲ ಈರುಳ್ಳಿ ಹೊತ್ತುಕೊಂಡು ಓಡಿದ. ಓಡುವ ಅವಸರದಲ್ಲಿ ತಟ್ಟೆ ಕೊಳ್ಳುವುದನ್ನೇ ಮರೆತ.

ಗಂಡಸರ ಬುದ್ಧಿ ನೋಡಿ! ಒಂದು ಹೆಣ್ಣು ಬಾಯ್ತುಂಬ ಬೈದದ್ದು ಅವನ ಕಿವಿಗೆ ಬೀಳಲಿಲ್ಲ. ರೆಪ್ಪೆ ಮುಚ್ಚಿದ್ದು ಮಾತ್ರ ಕಣ್ಣಿಗೆ ಕಟ್ಟಿಕೊಂಡಿತು. ಮನೆಗೆ ಹೋದವನೇ ತಾಯಿ ಮೂಗಮ್ಮನ ಮುಂದೆ ಚೀಲ ಇಳಿಸಿ, "ಅವ್ವಾ, ಮದುವೆ ಅಂತ ಆದ್ರೆ ಈ ಈರುಳ್ಳಿ ಮಾರಿದ ಎಣ್ಣನ್ನೇ" ಎಂದುಬಿಟ್ಟ.

ಅದು ಐವತ್ತನೇ ಇಸವಿ. ಕೇಳಿ ವಿಚಾರಿಸಿ, ಬೀಗರ ಊಟ ಮುಗಿದು, ಚಾಮುಂಡಿ ಹರದನಹಳ್ಳಿಯ ಸೊಸೆಯಾಗಿ ಬಂದಳು.

ಬಂದ ಹೊಸದರಲ್ಲಿ ಒಂದು ಸಂಜೆ ಇಬ್ಬರೂ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ರಂಗನಾಯಕ ಧೈರ್ಯ ಮಾಡಿದ.

"ಅಲ್ಲಾ... ಅವತ್ತು ಸಂತೇಲಿ ಏನ್ ಧೈರ್ಯ ನಿಂದು! ಅಪ್ಪ ಪಕ್ಕದಲ್ಲೇ ಇದ್ರೂ..."

"ಏನ್ ಮಾಡ್ದೆ?"

"ಕಣ್ಣು ಒಡೆದ್ಯಲ್ಲ!"

ಚಾಮುಂಡಿಯ ಕೈಯಲ್ಲಿದ್ದ ಕತ್ತಿ ನಿಂತಿತು. ಅವನ ಮುಖವನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು ನೋಡಿ! ಹೊಟ್ಟೆ ಹಿಡಿದುಕೊಂಡು, ಸೊಪ್ಪಿನ ರಾಶಿಯ ಮೇಲೆ ಒರಗಿ ನಕ್ಕಳು.

"ಅಯ್ಯೋ ಮಂಕೇ! ಕಣ್ಣು ಒಡೀಲಿಲ್ಲ ಕಣ. ರೆಪ್ಪೆ ಬಿದ್ದೋಯ್ತದೆ. ಸಂಜೆ ಆಯ್ತಿದ್ದಂಗೆ ತಾನೇ ಇಳಿದುಬುಡ್ತದೆ. ಬೆಳಗ್ಗೆ ಸರಿಯಾಯ್ತದೆ. ಒಂದೊರ್ಸದಿಂದ ಇಂಗೇ."

ರಂಗನಾಯಕನಿಗೆ ನಾಚಿಕೆಯಾಯಿತು. ಕಿವಿಯೆಲ್ಲ ಕೆಂಪಾಯಿತು.

ಚಾಮುಂಡಿಯ ನಗು ಮೆಲ್ಲನೆ ನಿಂತಿತು. ಒಳಗೊಳಗೇ ಹೆದರಿಕೆ ಎದ್ದಿತು. 'ಇದನ್ನೇ ನಂಬಿ ಕಟ್ಕಂಡವ್ನೆ... ಈಗೇನ್ ಅಂತಾನೋ!' ಆದರೂ ಗದ್ದ ಎತ್ತಿಯೇ ಕೇಳಿದಳು.

"ಈಗ ಗೊತ್ತಾಯ್ತಲ್ಲ. ಬೇಗೂರಿಗೆ ವಾಪಸ್ ಕಳಿಸ್ತೀಯಾ?"

"ಒಂದ್ ಚೀಲ ಈರುಳ್ಳಿನೇ ವಾಪಸ್ ಕೊಡ್ಲಿಲ್ಲ. ನಿನ್ನ ಕೊಟ್ಟೇನಾ?"

ಆ ಮಾತಿಗೆ ಚಾಮುಂಡಿ ಅವನಿಗೆ ಸೋತಳು.

ಮೊದಲ ಮಗು ರಾಚಮ್ಮ ಹುಟ್ಟಿದಾಗ ಎಲ್ಲ ಸರಿಯಾಗಿಯೇ ಇತ್ತು. ಎರಡನೆಯವನು ಸಿದ್ದ ಹುಟ್ಟಿದ ಮೇಲೆ ಕಾಯಿಲೆ ತನ್ನ ಬುದ್ಧಿ ತೋರಿಸಿತು.

ಬೆಳಗಾಗೆದ್ದು ರಾಗಿ ಬೀಸುವಾಗ ಚಾಮುಂಡಿಯನ್ನು ಹಿಡಿಯುವವರೇ ಇಲ್ಲ. ಕೊಟ್ಟಿಗೆ ಬಳಿದು, ನೀರು ಸೇದಿ, ಹುಳಕ್ಕೆ ಸೊಪ್ಪು ಹಾಕಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದು ಮುಗಿಸುವಳು. ಹೊತ್ತು ನೆತ್ತಿಗೆ ಬಂತೆಂದರೆ ಶುರು! ರಾಚಿಯ ಜಡೆ ಹೆಣೆಯಲು ಎತ್ತಿದ ಕೈ ಅರ್ಧಕ್ಕೇ ಕೆಳಗೆ ಬೀಳುತ್ತಿತ್ತು. ಸಂಜೆಗೆ ಮಾತೆಲ್ಲ ಮೂಗಿನಲ್ಲಿ ಬರುತ್ತಿತ್ತು. ಊಟಕ್ಕೆ ಕೂತರೆ ದವಡೆ ಸೋತು, ತುತ್ತು ಬಾಯಲ್ಲೇ ಉಳಿಯುತ್ತಿತ್ತು.

"ಉಣ್ಣಾಕೂ ಸೋಂಬೇರಿತನವಾ?" ಎಂದಳು ಮೂಗಮ್ಮ ಮೊದಮೊದಲು. ಆಮೇಲೆ ಅವಳೂ ಹೆದರಿದಳು. ಗಾಳಿ ಅಂದರು, ಮಾಟ ಅಂದರು. ತಾಯತ ಕಟ್ಟಿಸಿದಳು, ಬೇವಿನ ಸೊಪ್ಪಿನಲ್ಲಿ ಇಳಿ ತೆಗೆಸಿದಳು. ಯಾವ ಗಾಳಿ ದಿನಾ ಬೆಳಗ್ಗೆ ಬಿಟ್ಟು ಹೋಗಿ ಸಂಜೆ ಬರುತ್ತದೆ, ನೀವೇ ಹೇಳಿ!

ಕೊನೆಗೆ ರಂಗನಾಯಕ ಯಾರ ಮಾತೂ ಕೇಳದೆ ಹೆಂಡತಿಯನ್ನು ಚಾಮರಾಜನಗರದಲ್ಲಿ ರೈಲು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದ.

ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರು, "ಮೇಲೆ ಸೂರು ನೋಡ್ತಾ ಇರಮ್ಮ" ಎಂದರು. ಚಾಮುಂಡಿ ನೋಡಿದಳು. ನೋಡುತ್ತ ನೋಡುತ್ತ ಎರಡೂ ರೆಪ್ಪೆ ಇಳಿದುಬಿದ್ದವು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಕೂರಿಸಿದರು.

ಸ್ವಲ್ಪ ಹೊತ್ತಾಗಿರಬೇಕು. ಚಾಮುಂಡಿಯ ಕಣ್ಣು ಅಗಲವಾಗಿ ತೆರೆದುಕೊಂಡವು! ಕೈ ಎತ್ತಿದಳು... ಇಳಿಯಲಿಲ್ಲ. ಮತ್ತೊಂದು ಕೈಯನ್ನೂ ಎತ್ತಿದಳು.

"ರಾಚಿ ಅಪ್ಪಾ! ನೋಡು! ಇಲ್ನೋಡು!"

ಸಂಜೆಯ ಹೊತ್ತಿನಲ್ಲಿ ಅವಳ ಬಾಯಿ ತುಂಬ ನಗು ನೋಡಿ ಎಷ್ಟು ಕಾಲವಾಗಿತ್ತು! ರಂಗನಾಯಕ ಆಸ್ಪತ್ರೆಯ ಕಂಬಕ್ಕೆ ಮುಖ ಒತ್ತಿಕೊಂಡು ಅತ್ತುಬಿಟ್ಟ.

ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಇದಕ್ಕೆ ಮಯಸ್ತೀನಿಯಾ ಎನ್ನುತ್ತಾರೆ. ಲಕ್ಷದಲ್ಲಿ ಯಾರೋ ಒಬ್ಬಿಬ್ಬರಿಗೆ ಬರುತ್ತದೆ. ಮಾಟವಲ್ಲ, ಅಂಟುಜಾಡ್ಯವಲ್ಲ. ಮೈಯ ಮಾಂಸಖಂಡಗಳು ಕೆಲಸ ಮಾಡಿದಷ್ಟೂ ಬೇಗ ದಣಿಯುತ್ತವೆ, ಸುಧಾರಿಸಿಕೊಂಡರೆ ಮತ್ತೆ ಏಳುತ್ತವೆ. ಮಾತ್ರೆ ನುಂಗಿದರೆ ಕೆಲವು ಗಂಟೆ ಬಲ ಇರುತ್ತದೆ, ಆಮೇಲೆ ಇಳಿಯುತ್ತದೆ.

"ವಾಸಿಯಾಯ್ತದಾ ಸ್ವಾಮಿ?"

"ಇಲ್ಲಮ್ಮ. ಜೀವ ಇರೋವರೆಗೂ ಜೊತೇಲೇ ಇರುತ್ತೆ."

ಚಾಮುಂಡಿ ಸೆರಗಿನ ತುದಿ ತಿರುವಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ನನ್ ಮಕ್ಕಳ್ನ ನಾನೇ ಸಾಕಬೋದಾ?"

"ಸಾಕಬಹುದು. ಆದ್ರೆ ನಿನ್ನ ಹೊತ್ತು ನೋಡ್ಕೊಂಡು."

"ಸರಿ ಅಂಗಾದ್ರೆ," ಎಂದು ಎದ್ದು ನಿಂತಳು. "ಇರ್ಲಿ ಜೊತೇಲಿ. ಮೂಲೇಲಿ ಬಿದ್ದಿರ್ಲಿ."

ಅವಳು ಹೊರಗೆ ಹೋದ ಮೇಲೆ ಡಾಕ್ಟರು ರಂಗನಾಯಕನೊಬ್ಬನನ್ನೇ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. ಅವನು ಅದನ್ನು ಯಾರಿಗೂ ಹೇಳಲಿಲ್ಲ.

ಚಾಮುಂಡಿ ಅಂದಿನಿಂದ ತನ್ನ ದಿನವನ್ನೇ ತಿರುಗಿಸಿ ಹಾಕಿದಳು. ಅಡುಗೆ ಎಲ್ಲ ಬೆಳಗ್ಗೆಯೇ. ರಾಚಿಗೆ ಜಡೆ ಬೆಳಗ್ಗೆಯೇ. ಮಕ್ಕಳಿಗೆ ಬೈಯುವುದಿದ್ದರೆ ಅದನ್ನೂ ಮಧ್ಯಾಹ್ನದೊಳಗೆ ಬೈದು ಮುಗಿಸುವಳು! ಸಿದ್ದನನ್ನು ಹಳೆ ಸೀರೆಯಲ್ಲಿ ಬೆನ್ನಿಗೆ ಬಿಗಿದುಕೊಳ್ಳುವಳು, ಕೈ ಸೋತರೂ ಮಗು ಬೀಳದಂತೆ. ಸಂಜೆ ಅವಳಿಗೆ ತೆಳ್ಳನೆ ಅಂಬಲಿ. ರಂಗನಾಯಕ ತಾನೂ ಮುದ್ದೆ ಬಿಟ್ಟು ಅಂಬಲಿಯನ್ನೇ ಕುಡಿಯುತ್ತಿದ್ದ. "ನಂಗೂ ಯಾಕೋ ಹಲ್ಲುನೋವು" ಎನ್ನುತ್ತಿದ್ದ. ಸುಳ್ಳ!

ಮನೆಯೊಳಗೆ ಎಲ್ಲ ಹೇಗೋ ಹೊಂದಿಕೊಂಡಿತು. ತೊಡಕು ಬಂದದ್ದು ಮುಯ್ಯಾಳಿನಲ್ಲಿ.

ಆ ಊರುಗಳಲ್ಲಿ ಕೂಲಿಗಿಂತ ಮುಯ್ಯಾಳೇ ಹೆಚ್ಚು. ನಿಮ್ಮ ಕೆಲಸಕ್ಕೆ ನಮ್ಮ ಮನೆಯ ಆಳು ಬಂದರೆ, ನಮ್ಮ ಕೆಲಸಕ್ಕೆ ನಿಮ್ಮ ಮನೆಯ ಆಳು ಬರಬೇಕು. ಹೆಣ್ಣಾಳಿಗೆ ಹೆಣ್ಣಾಳು, ಗಂಡಾಳಿಗೆ ಗಂಡಾಳು. ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತಾಗ ಗಳಿಗೆಯೂ ಕಾಯುವಂತಿಲ್ಲ. ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರು ತಟ್ಟಿಯ ಮೇಲೆ ಬಿಡಬೇಕು. ಆ ಸಲವೂ ಕೇರಿಯ ಹೆಂಗಸರೆಲ್ಲ ಬಂದು ಹುಳ ಬಿಟ್ಟುಕೊಟ್ಟಿದ್ದರು. ಈಗ ಅವರ ರಾಗಿ ಹೊಲಕ್ಕೆ ಕಳೆ ಬಂದಿತ್ತು. ಚಾಮುಂಡಿ ಹೋಗಿ ಮುಯ್ಯಿ ತೀರಿಸಬೇಕಿತ್ತು.

ಹೋದಳು. ಊಟದ ಹೊತ್ತಿನ ತನಕ ಎಲ್ಲರಿಗಿಂತ ಮುಂದೆ ಸಾಲು ಹಿಡಿದಳು. ಮಧ್ಯಾಹ್ನ ಕೈಯಿಂದ ಕುಡುಗೋಲು ಜಾರಿತು. ಕುತ್ತಿಗೆ ನಿಲ್ಲದೆ ಬದುವಿನ ಮೇಲೆ ಒರಗಿದಳು.

"ಅರ್ಧಾಳು ಕಣ್ರವ್ವ ಇವ್ಳು!" ಎಂದಳು ಯಾರೋ ಒಬ್ಬಳು. "ಪೂರ್ತಿ ಆಳಿಗೆ ಅರ್ಧಾಳು ಕಳಿಸಿದ್ರೆ ಎಂಗೆ ಮೂಗಮ್ಮ?"

ಆ ಹೆಸರು ಅಂಟಿಕೊಂಡಿತು. ಬಾವಿಕಟ್ಟೆಯಲ್ಲಿ, ಅಂಗಡಿಯ ಮುಂದೆ, ಎಲ್ಲ ಕಡೆ ಅರ್ಧಾಳು! ಮೂಗಮ್ಮನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು.

ಒಂದು ದಿನ ಬೆಳಗ್ಗೆ ಅವಳು ಸೊಸೆಯ ಮುಂದೆ ಕೂತು ನೇರವಾಗಿ ಹೇಳಿಬಿಟ್ಟಳು.

"ಅಮ್ಮಿ, ಕೆಟ್ಟೋಳು ಅನ್ಕಬ್ಯಾಡ. ಆ ಸುಂದ್ರಮ್ಮನ್ನ ನಮ್ಮನೇಗೆ ಕೂಡಿಕೆ ಮಾಡ್ಕಳನ ಅಂತಿವ್ನಿ."

ಸುಂದ್ರಮ್ಮ ಮೇಲಿನ ಕೇರಿಯವಳು, ಹುಳ ಬಿಡಲು ಆ ಸಲ ಅವಳೂ ಬಂದಿದ್ದಳು. ಗಂಡ ಸತ್ತು ಕೆಲವು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಬ್ಬಳೇ ಹೊಲ ಮಾಡಿಕೊಂಡಿದ್ದ ಗಟ್ಟಿ ಹೆಂಗಸು.

ಬೀಸುತ್ತಿದ್ದ ರಾಗಿ ಬಿಟ್ಟು ಚಾಮುಂಡಿ ಅತ್ತೆಯ ಮುಖ ನೋಡಿದಳು. "ನನ್ ಗಂಡಂಗೆ... ಎರಡನೇ ಎಂಡ್ತಿ?"

"ನಾಳೆ ನಾನು ಕಣ್ಮುಚ್ಕಂಡ್ರೆ ಈ ಮಕ್ಕಳಿಗೆ ಸಂಜೆ ಒತ್ತು ಗಂಜಿ ಕಾಯ್ಸೋರು ಯಾರಮ್ಮಿ? ನೀನೇ ಏಳು! ನಿಂಗೇ ಒಬ್ರು ಗಂಜಿ ಕುಡಿಸ್ಬೇಕು!" ಮೂಗಮ್ಮನ ಕಣ್ಣಲ್ಲೂ ನೀರಿತ್ತು. ಅವಳದು ದ್ವೇಷವಾಗಿದ್ದರೆ ಚಾಮುಂಡಿಗೆ ಜಗಳವಾಡುವುದು ಸುಲಭವಾಗುತ್ತಿತ್ತು.

"ರಾಚಿ ಅಪ್ಪ ಒಪ್ಪಲ್ಲ."

"ಒಪ್ಪೋದೇನು? ಎಲ್ಡು ವಾರದಿಂದ ದಿನಾ ಮಧ್ಯಾನ ಎಲ್ಲಿಗೋಯ್ತಾವ್ನೆ ಅಂತ ಕೇಳಿದ್ದೀಯಾ?"

"ಟೌನಿಗೆ. ಗೂಡಿನ ವ್ಯಾಪಾರಕ್ಕೆ."

"ಟೌನಲ್ಲ ಕಣಮ್ಮಿ... ಸುಂದ್ರಮ್ಮನ ಒಲಕ್ಕೆ. ನೋಡ್ದೋರು ಏಳವ್ರೆ."

ಅಂದು ಸಂಜೆ ರಂಗನಾಯಕ ಮನೆಗೆ ಬಂದಾಗ ಚಾಮುಂಡಿ ಅವನ ಪಂಚೆಯ ಮೊಣಕಾಲು ನೋಡಿದಳು. ಕೆಮ್ಮಣ್ಣು. ಟೌನಿನಲ್ಲಿ ಯಾರಾದರೂ ಮೊಣಕಾಲೂರಿ ವ್ಯಾಪಾರ ಮಾಡುತ್ತಾರಾ?

"ಎಲ್ಲಿಗೋಗಿದ್ದೆ?" ಎಂದು ಕೇಳಿದಳು. ಅಷ್ಟು ಹೊತ್ತಿಗೆ ಮಾತು ಮೂಗಿನಲ್ಲಿ ಬರುತ್ತಿತ್ತು.

"ಟೌನಿಗೆ ಕಣೆ," ಎಂದ ಅವನು ಅವಳ ಮುಖ ನೋಡದೆ.

ಅಂಬಲಿಯ ಬಟ್ಟಲನ್ನು ಅವಳು ಪಕ್ಕಕ್ಕೆ ಸರಿಸಿದಳು. ಅಳಬೇಕು ಅನ್ನಿಸಿತು. ಆದರೆ ಅತ್ತರೆ ಗಂಟಲು ಕಟ್ಟಿ ಉಸಿರಾಡಲು ಕಷ್ಟವಾಗುತ್ತದೆ. ಹೊಟ್ಟೆತುಂಬ ಅಳುವ ಭಾಗ್ಯವೂ ಆ ಕಾಯಿಲೆಯಲ್ಲಿ ಇರಲಿಲ್ಲ!

'ಸುಳ್ಳು ಯಾಕೇಳ್ದೆ? ಬ್ಯಾಡವಾದ್ರೆ ಬ್ಯಾಡ ಅಂತ ಮುಖದ ಮ್ಯಾಲೆ ಏಳ್ಬೇಕಿತ್ತು...'

ಮಾರನೆಯ ಬೆಳಗ್ಗೆ ಬೋರಯ್ಯ ಗಾಡಿ ಕಟ್ಟಿಕೊಂಡು ಬೇಗೂರಿನಿಂದ ಬಂದಿಳಿದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ರಂಗನಾಯಕ ಸೊಪ್ಪಿನ ತೋಟಕ್ಕೆ ಹೋಗಿದ್ದ.

"ನಡಿಯವ್ವ, ಮಕ್ಕಳ್ನ ಕರ್ಕೊಂಡು ಓಗನ. ನಮ್ಮನೇಲಿ ನಿಂಗೊಂದು ತುತ್ತು ಇಲ್ವಾ? ಇವ್ರ ಮುಂದೆ ಯಾಕೆ ಕೈಚಾಚ್ತೀಯೆ?"

ಮೂಗಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಚಾಮುಂಡಿ ಅವಳಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು. ಬೆಳಗಿನ ಹೊತ್ತು, ಗಂಟಲು ಕಂಚಿನ ಹಾಗಿತ್ತು.

"ಅಪ್ಪಾ, ನಾ ಬರಲ್ಲ. ಈ ಮನೆ ರಾಗಿ ಬೀಸೋಳು ನಾನು. ಈ ಮಕ್ಕಳ್ನ ಎತ್ತೋಳು ನಾನು. ಕಾಯಿಲೆ ಬಂದಿರೋದು ನನ್ ಮೈಗೆ, ನನ್ ಸಂಸಾರಕ್ಕಲ್ಲ! ನನ್ನ ಈ ಮನೆಯಿಂದ ಕಳಿಸ್ಬೇಕು ಅಂತಿದ್ರೆ ಹೊತ್ಕಂಡೇ ಓಗ್ಬೇಕು. ಅದೂ ಬೆಳಗ್ಗೆ ಬಂದ್ರೆ ಆಗಾಕಿಲ್ಲ, ನಾನೇ ನಾಲ್ಕು ಜನನ ಎತ್ತಾಕ್ತೀನಿ!"

"ಅಲ್ಲ ಕಣವ್ವ, ಅಳಿಯನೇ ಬ್ಯಾರೆ ಕಡೆ..."

"ಅದನ್ನ ಅವನ ಬಾಯಲ್ಲೇ ಕೇಳ್ತೀನಿ. ಅವನ ಒಲದಲ್ಲಲ್ಲ, ಅವಳ ಒಲದಲ್ಲೇ ಕೇಳ್ತೀನಿ. ನೀ ಉಂಡ್ಬುಟ್ಟು ಓಗು."

ಕೊಟ್ಟ ಮುದ್ದೆ ಉಂಡು, ಬೋರಯ್ಯ ಖಾಲಿ ಗಾಡಿ ಹೊಡೆದುಕೊಂಡು ಹೊರಟ.

ಮಧ್ಯಾಹ್ನಕ್ಕೆ ಉಳಿಯಲೆಂದು ಚಾಮುಂಡಿ ಅಂದು ಬೆಳಗಿನ ಕೆಲಸಕ್ಕೆ ಮಾತ್ರೆ ನುಂಗಲಿಲ್ಲ. ಹೊತ್ತು ಏರಿದಂತೆ ಗೋಡೆ ಹಿಡಿದುಕೊಂಡು ಓಡಾಡಿದಳು. ಮಧ್ಯಾಹ್ನ ರಂಗನಾಯಕ ಹೆಗಲಿಗೆ ವಲ್ಲಿ ಹಾಕಿಕೊಂಡು, "ಟೌನಿಗೋಗ್ಬತ್ತೀನಿ" ಎಂದು ಹೊರಟ ಮೇಲೆ ಮಾತ್ರೆ ನುಂಗಿದಳು. ಬಲ ಬರುವ ತನಕ ಕಾದಳು. ಸಿದ್ದನನ್ನು ಬೆನ್ನಿಗೆ ಬಿಗಿದುಕೊಂಡು ಹೊಲದ ದಾರಿ ಹಿಡಿದಳು.

'ಇಬ್ರನ್ನೂ ಒಟ್ಟಿಗೆ ನೋಡ್ತೀನಿ. ನೋಡ್ಬುಟ್ಟು ಮುಖಕ್ಕೆ ಉಗೀತೀನಿ. ಆಮೇಲೂ ಆ ಮನೇಗೇ ಓಯ್ತೀನಿ. ನಾನ್ಯಾಕೆ ಬುಡ್ಲಿ?'

ಸುಂದ್ರಮ್ಮನ ಹೊಲದ ಬದು ಹತ್ತಿದವಳು ಅಲ್ಲೇ ನಿಂತಳು.

ರಾಗಿ ಪೈರಿನ ಮಧ್ಯೆ ಹೆಂಗಸರು ಸಾಲಾಗಿ ಕೂತು ಕಳೆ ತೆಗೆಯುತ್ತಿದ್ದರು. ಸಾಲಿನ ಕೊನೆಯಲ್ಲಿ, ಪಂಚೆ ಮೇಲೆ ಕಟ್ಟಿ, ಮೊಣಕಾಲೂರಿ, ಕುಡುಗೋಲು ಹಿಡಿದು ಕೂತಿದ್ದವನು... ರಂಗನಾಯಕ!

ಕಳೆ ಕೀಳುವುದು ಹೆಂಗಸರ ಕೆಲಸ. ಆ ಸೀಮೆಯಲ್ಲಿ ಯಾವ ಗಂಡಸೂ ಹೆಂಗಸರ ಸಾಲಿನಲ್ಲಿ ಕೂತು ಕಳೆ ಕೀಳುತ್ತಿರಲಿಲ್ಲ. ಹೆಂಗಸರು ಅವನನ್ನು ಹುರಿದು ಮುಕ್ಕುತ್ತಿದ್ದರು.

"ನಾಯಕ್ರು ಸೀರೆ ಉಟ್ಕಂಡೇ ಬರ್ಬೋದಿತ್ತು!"

"ಬಳೆ ತೊಡಿಸನ ತಾಳು, ಬಳೆಗಾರ ಬರ್ಲಿ!"

ರಂಗನಾಯಕ ತಲೆ ಎತ್ತಲಿಲ್ಲ. ಎತ್ತಿದಾಗ ಎದುರಿಗೆ ಹೆಂಡತಿ!

"ಚಾ... ಚಾಮುಂಡಿ! ನೀ ಯಾಕ್ ಬಂದೆ ಈ ಬಿಸಿಲಲ್ಲಿ?"

"ಇದೇನಾ ನಿನ್ ಟೌನು?"

ಸುಂದ್ರಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಬಾರವ್ವ, ಬಾ! ನಿನ್ ಗಂಡನ್ನ ಮೊದ್ಲು ಕರ್ಕೊಂಡೋಗು. ಎಂಡ್ತಿ ಮುಯ್ಯಿ ನಾ ತೀರಿಸ್ತೀನಿ, ಅವ್ಳಿಗೆ ಗೊತ್ತಾಗೋದ್ ಬ್ಯಾಡ ಅಂತ ಬಂದು ಕೂತವ್ನೆ. ಕಳೆಗಿಂತ ನನ್ ಪೈರನ್ನೇ ಜಾಸ್ತಿ ಕಿತ್ತವ್ನೆ!"

"ನಿಮ್ ಕೂಡಿಕೆ ಮಾತು..."

"ಯಾರ ಕೂಡಿಕೆ? ನಂಗೂ ಇವಂಗೂವಾ?" ಸುಂದ್ರಮ್ಮ ಬಿದ್ದು ಬಿದ್ದು ನಕ್ಕಳು. "ನಿಮ್ಮತ್ತೆಗೆ ಬುದ್ಧಿ ಎಲ್ಲೋ ಮೇಯಾಕೋಗದೆ. ಒಬ್ನ ಮಣ್ಣು ಮಾಡಿ ನೆಮ್ಮದಿಯಾಗಿವ್ನಿ. ಇನ್ನೊಬ್ಬಂಗೆ ಬೇಯ್ಸಿ ಆಕಾಕೆ ನಂಗೇನ್ ಕರ್ಮ!"

ಹೆಂಗಸರೆಲ್ಲ ನಕ್ಕರು. ಚಾಮುಂಡಿ ನಗಲಿಲ್ಲ. ಎದೆಯ ಮೇಲಿನ ಬಂಡೆ ಇಳಿದಿತ್ತು, ಅದು ನಿಜ. ಆದರೆ ಅದರ ಜಾಗಕ್ಕೆ ಬೆಂಕಿ ಬಂದಿತ್ತು!

"ನನ್ ಮುಯ್ಯಿ ತೀರ್ಸಾಕೆ ನೀನ್ಯಾರು?"

ರಂಗನಾಯಕ ಬೆಪ್ಪಾದ. "ಅಲ್ಲ ಕಣೆ... ನಿನ್ನ ಅರ್ಧಾಳು ಅಂತ..."

"ಅಂದೋಳು ಅಂದ್ಲು. ನೀನೂ ಒಪ್ಕಂಡ್ಬುಟ್ಟೆ! ನನ್ ಕೈಲಾಗಲ್ಲ ಅಂತ ನೀನೇ ಸಾರ್ದಂಗಾಯ್ತಲ್ಲ! ಮುಚ್ಚಿಟ್ಟೆ... ಸುಳ್ಳೇಳ್ದೆ... ನಾನೇನ್ ಒಡೆದೋಗೋ ಮಡಕೆ... ಅನ್ಕ..."

ಮಾತು ಜಾರಿತು. ಸಿಟ್ಟಿನಲ್ಲಿ ಮಾತ್ರೆಯ ಬಲವೆಲ್ಲ ಒಂದೇ ಉಸಿರಿಗೆ ಖರ್ಚಾಗಿತ್ತು. ಸ್ವರ ಮೂಗಿಗೇರಿತು. ಎಡರೆಪ್ಪೆ ಇಳಿಯಿತು. ರಂಗನಾಯಕ ಓಡಿ ಬಂದು ಹಿಡಿಯಲು ಹೋದ. ಅವಳು ಅಂಗೈ ತೋರಿಸಿ ತಡೆದಳು.

ಬದುವಿನ ಮೇಲೆ ತಾನೇ ಕೂತಳು. ಎಲ್ಲರಿಗೂ ಕೈಯಲ್ಲೇ ಸನ್ನೆ ಮಾಡಿದಳು. ತಾಳಿ, ನನ್ನ ಮಾತು ಮುಗಿದಿಲ್ಲ.

ನಂಬುತ್ತೀರೋ ಇಲ್ಲವೋ, ಅವರೆಲ್ಲ ಕಾದರು! ಕುಡುಗೋಲು ಕೆಳಗಿಟ್ಟು, ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡು, ಸುಮ್ಮನೆ ಕೂತರು. ಒಬ್ಬಳು ಅವಳ ಬೆನ್ನಿನಿಂದ ಮಗುವನ್ನು ಬಿಚ್ಚಿಕೊಂಡಳು. ಸಿದ್ದ ಬೆರಳು ಚೀಪುತ್ತ ಎಲ್ಲರನ್ನೂ ನೋಡುತ್ತಿದ್ದ. ರಂಗನಾಯಕ ಬಿಸಿಲಿಗೆ ಬೆನ್ನು ಕೊಟ್ಟು ಅವಳ ಮೇಲೆ ನೆರಳು ಬೀಳುವಂತೆ ನಿಂತ.

ಬಹಳ ಹೊತ್ತಾದ ಮೇಲೆ ಸ್ವರ ಮರಳಿತು. ಚಾಮುಂಡಿ ಈ ಸಲ ಕೂಗಲಿಲ್ಲ.

"ಸುಂದ್ರಕ್ಕ, ನಾನು ಅರ್ಧಾಳೇ. ಆದ್ರೆ ನನ್ನರ್ಧ ಬೆಳಗಾನದ್ದು. ಕೋಳಿ ಕೂಗಿದಾಗಿಂದ ಊಟದೊತ್ತಿನ ಗಂಟ ನಾನು ನಿಮ್ಮೊಲದಲ್ಲಿ ಇರ್ತೀನಿ. ಆ ಒತ್ತಲ್ಲಿ ನನ್ ಸಾಲಿಗೆ ಸರಿಸಮ ಬರೋರು ನಿಮ್ಮಲ್ಲಿ ಯಾರವ್ರೋ ಬರ್ಲಿ. ನಿಮ್ದೊಂದು ದಿನಕ್ಕೆ ನನ್ನ ಎಲ್ಡು ಬೆಳಗು. ಸಾಲ್ದು ಅಂದ್ರೆ ಮೂರು. ನನ್ ಮುಯ್ಯಿ ನನ್ ಕೈಯಿಂದ್ಲೇ ತೀರ್ಬೇಕು. ಒಪ್ತೀರಾ?"

'ಅರ್ಧಾಳು' ಎಂದು ಮೊದಲು ಅಂದವಳೂ ಆ ಗುಂಪಿನಲ್ಲಿದ್ದಳು. ಅವಳು ತಲೆ ತಗ್ಗಿಸಿದಳು.

ಸುಂದ್ರಮ್ಮ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ಒಪ್ದೆ ಏನವ್ವ! ತಂಪೊತ್ತಲ್ಲಿ ಕಳೆ ಕಿತ್ರೆ ನಂಗೂ ಸುಖ. ಎಲ್ಡು ಬೆಳಗು ಸಾಕು. ಆದ್ರೆ ಒಂದ್ ಮಾತು... ಈ ನಿನ್ ಗಂಡನ್ನ ಮಾತ್ರ ನನ್ನೊಲಕ್ಕೆ ಬುಡಬ್ಯಾಡ!"

ಸಂಜೆ ಮೂಗಮ್ಮನಿಗೆ ಎಲ್ಲ ಗೊತ್ತಾಯಿತು. "ನನ್ ಮಗ ಎಂಗಸ್ರ ಸಾಲಲ್ಲಿ ಕಳೆ ಕಿತ್ತನಾ! ಅಯ್ಯೋ ನಮ್ಮಪ್ಪಾ!" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಒಲೆಯ ಮುಂದೆ ಕೂತಳು. ಅಂಬಲಿ ಕಾಯಿಸಿ, ಆರಿಸಿ, ಬಟ್ಟಲನ್ನು ತಾನೇ ತಂದು ಸೊಸೆಯ ಮುಂದೆ ಇಟ್ಟಳು.

"ಕುಡಿಯಮ್ಮಿ. ನಾಳೆ ಎದ್ದು ಓಗ್ಬೇಕಲ್ಲ. ಮಕ್ಕಳ್ನ ನಾ ನೋಡ್ಕತೀನಿ. ಆ ಕೂಡಿಕೆ ಮಾತು ನಾ ಆಡೇ ಇಲ್ಲ ಅನ್ಕೋ."

ಚಾಮುಂಡಿ ಅತ್ತೆಯ ಕೈ ಹಿಡಿದು ಅದುಮಿದಳು. ಅವಳಿಗೆ ಮಾತು ಬರುತ್ತಿರಲಿಲ್ಲ. ಹೊಲಕ್ಕೆ ನಡೆದು ಹೋಗಿ ಬಂದ ದಣಿವು ಈಗ ಒಟ್ಟಿಗೆ ಮೇಲೆ ಬಿದ್ದಿತ್ತು. ಎರಡೂ ರೆಪ್ಪೆ ಇಳಿದಿದ್ದವು.

ಹೊತ್ತು ಮುಳುಗುವಾಗ ಜಗಲಿಯ ಮೇಲೆ ರಂಗನಾಯಕ ಅವಳ ಪಕ್ಕ ಬಂದು ಕೂತ. ಅವಳ ತಲೆ ನಿಲ್ಲದೆ ಓಲಾಡುತ್ತಿತ್ತು. ಮೆಲ್ಲನೆ ತನ್ನ ಹೆಗಲಿಗೆ ಒರಗಿಸಿಕೊಂಡ.

"ಕೋಪ ಓಯ್ತಾ?"

ಚಾಮುಂಡಿಯ ಬೆರಳು ಅವನ ಪಂಚೆಯ ಅಂಚು ಹಿಡಿದವು.

"ನಂಗೆ ಎದ್ರಿಕೆ ಕಣೆ." ಅವನು ಬೀದಿಯ ಕಡೆ ನೋಡುತ್ತ ಹೇಳಿದ. "ಮೈಸೂರಲ್ಲಿ ಆ ಡಾಕ್ಟ್ರು ನನ್ನೊಬ್ನೇ ನಿಲ್ಸಿ ಏಳಿದ್ರು. ಕೆಲವ್ರಿಗೆ ಉಸ್ರಾಡೋ ಶಕ್ತಿನೇ ಸೋತೋಯ್ತದಂತೆ. ದಣಿಬಾರ್ದು ಅಂದ್ರು. ಅವತ್ತಿಂದ ನಾ ಸರಿಯಾಗಿ ನಿದ್ದೆ ಮಾಡಿಲ್ಲ. ನೀ ಉಸ್ರಾಡ್ತಿದ್ದೀಯಾ ಅಂತ ಕೇಳಿಸ್ಕತಾ ಬಿದ್ದಿರ್ತೀನಿ. ಅದಕ್ಕೇ ನಿನ್ನ ಮುಯ್ಯಿಗೆ ನಾನೇ ಓದೆ. ನಿನ್ನ ಮಾನ ಕಳೀಬೇಕು ಅಂತಲ್ಲ..."

ಚಾಮುಂಡಿ ಕೇಳುತ್ತಿದ್ದಳು. 'ಒಬ್ನೇ ಹೊತ್ಕಂಡಿದ್ಯಾ ಇದನ್ನ... ಇಷ್ಟು ದಿನ?' ಎಂದು ಕೇಳಬೇಕೆನಿಸಿತು. ತುಟಿ ಅಲುಗಿದವು, ಮಾತು ಹುಟ್ಟಲಿಲ್ಲ.

"ನಾ ಬಾಯಿಬುಟ್ಟು ಯಾವತ್ತೂ ಏಳಿಲ್ಲ. ನಮ್ ಕಡೆ ಯಾರೂ ಏಳಲ್ಲ. ನೀ ಅಂದ್ರೆ ನಂಗೆ ಜೀವ ಕಣೆ ಚಾಮುಂಡಿ. ಮಧ್ಯಾನದ ಗಂಟ ಗದರೋ ಚಾಮುಂಡಿನೂ ಬೇಕು, ಸಂಜೆ ಇಂಗೆ ಸೋತು ಕೂತಿರೋ ಚಾಮುಂಡಿನೂ ಬೇಕು." ಅವನು ಮಗುವಿನಂತೆ ಮೂಗೊರೆಸಿಕೊಂಡ. "ನನ್ನ ಬುಟ್ಟು ಓಗಲ್ಲ ತಾನೇ?"

ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಏನೋ ಹೇಳಲು ಹೋದಳು. ಗೊಗ್ಗರು ಸ್ವರ ಬಿಟ್ಟರೆ ಬೇರೇನೂ ಬರಲಿಲ್ಲ.

"ಬ್ಯಾಡ, ಬ್ಯಾಡ. ಈಗ ಬ್ಯಾಡ. ಬೆಳಗ್ಗೆ ಮಾತಾಡುವಂತೆ," ಎಂದು ಅವನು ಸೆರಗಿನಲ್ಲಿ ಅವಳ ಕಣ್ಣೊರೆಸಿದ.

ಬೆಳಗಾಯಿತು!

ಕೋಳಿ ಕೂಗುವ ಮುಂಚೆಯೇ ಎದ್ದು ರಾಗಿ ಬೀಸಿ, ಮುದ್ದೆ ತಿರುವಿ, ರಾಚಿಗೆ ಜಡೆ ಹೆಣೆದು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಚಾಮುಂಡಿ ಹಟ್ಟಿಯ ಬಾಗಿಲಿಗೆ ಬಂದಳು. ಕಣ್ಣು ಅಗಲವಾಗಿದ್ದವು. ರಂಗನಾಯಕ ಆಗಲೇ ಸೊಪ್ಪಿನ ಬುಟ್ಟಿ ಹೊತ್ತು ಬೀದಿಯ ಆ ತುದಿ ಮುಟ್ಟಿದ್ದ. ಬಾವಿಕಟ್ಟೆಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು. ಅರಳಿಕಟ್ಟೆಯ ಮೇಲೆ ಹಿರಿಯರು ಹೊಗೆಸೊಪ್ಪು ತಿಕ್ಕುತ್ತ ಕೂತಿದ್ದರು.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಎತ್ತುವ ಪದ್ಧತಿ ಆ ಊರಲ್ಲಿ ಇರಲಿಲ್ಲ. ಮೂಗಮ್ಮ ಈ ವಯಸ್ಸಿಗೂ ಸತ್ತ ಗಂಡನ ಹೆಸರು ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಮೊಮ್ಮಗಳ ಕೈಲಿ ಹೇಳಿಸುತ್ತಿದ್ದಳು.

ಚಾಮುಂಡಿ ಜಗಲಿಯ ಮೇಲೆ ನಿಂತಳು. ಎದೆ ತುಂಬ ಉಸಿರು ಎಳೆದುಕೊಂಡಳು.

"ರಂಗನಾಯಕಾ!"

ಬಾವಿಯ ರಾಟೆ ನಿಂತಿತು. ಒಬ್ಬಳ ಕೈಯಿಂದ ಬಿಂದಿಗೆ ಜಾರಿತು. ಒಳಗಿನಿಂದ ಮೂಗಮ್ಮ "ಅಯ್ಯೋ! ಗಂಡನ್ ಎಸ್ರು ಕೂಗ್ಬುಟ್ಲಲ್ಲಪ್ಪೋ!" ಎಂದು ಓಡಿ ಬಂದಳು.

ರಂಗನಾಯಕ ಬುಟ್ಟಿ ಸಮೇತ ತಿರುಗಿ ನಿಂತ.

"ಎಲ್ಲೂ ಓಗಲ್ಲ ಕಣೋ ನಾನು! ನಿನ್ನ ಬುಟ್ಟು ಎಲ್ಲೂ ಓಗಲ್ಲ! ನೀ ಅಂದ್ರೆ ನಂಗೂ ಜೀವ!"

ಅರಳಿಕಟ್ಟೆಯ ಹಿರಿಯರು ಆಕಾಶ ನೋಡತೊಡಗಿದರು. ರಂಗನಾಯಕ ಬುಟ್ಟಿಯನ್ನು ನಡುಬೀದಿಯಲ್ಲೇ ಇಳಿಸಿ, ಅದು ಉರುಳಿದ್ದನ್ನೂ ನೋಡದೆ ಅವಳತ್ತ ನಡೆದು ಬಂದ. ಮುಖ ಕೆಂಪಾಗಿತ್ತು. ಕಣ್ಣು ತುಂಬಿದ್ದವು.

ಜಗಲಿಯ ಕೆಳಗೆ ನಿಂತು ಪಿಸುಗುಟ್ಟಿದ.

"ಊರಿಗೆಲ್ಲ ಕೇಳ್ಸ್ತು ಕಣೆ..."

"ಕೇಳ್ಲಿ ಅಂತ್ಲೇ ಕೂಗಿದ್ದು."